ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಸಕ್ಕರೆ ಕಾಯಿಲೆ: ಎರಡು ಕಾಯಿಲೆಗಳನ್ನು ಒಂದೇ ಮಾಡಿಬಿಟ್ಟಿದ್ದಾರೆ

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಮನೆಯಲ್ಲಿದ್ದರೆ ದಯವಿಟ್ಟು ಹಾರ್ಮೋನುಗಳ ಪಾಠ ತೆಗೆದು ನೋಡಿ. ನಮ್ಮ ರಾಜ್ಯದ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ್ದೇ ಕನ್ನಡ ರೂಪ. ಹಾಗಾಗಿ ಇಂಗ್ಲಿಷ್ ಮೀಡಿಯಂ ಮಕ್ಕಳೂ ಇದನ್ನೇ ಓದುತ್ತಾರೆ. ಮಧುಮೇಹದ ಬಗ್ಗೆ ಅಲ್ಲಿರುವುದು ಒಂದು ಸಣ್ಣ ಪ್ಯಾರಾ. ಅದರ ಸಾರ ಇಷ್ಟು: ಮಧುಮೇಹ ಇರುವುದರಿಂದ ಕೆಲವರಿಗೆ ಸಕ್ಕರೆ ಕಡಿಮೆ ತಿನ್ನಿ ಅಂತ ಡಾಕ್ಟರು ಹೇಳುತ್ತಾರೆ. ಅವರು ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿರಬಹುದು. ಇನ್ಸುಲಿನ್ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಹಾರ್ಮೋನು. ಅದು ಸರಿಯಾದ ಪ್ರಮಾಣದಲ್ಲಿ ಬರದಿದ್ದರೆ ರಕ್ತದಲ್ಲಿ ಸಕ್ಕರೆ ಏರಿ ತೊಂದರೆ ಆಗುತ್ತದೆ.

ಬಿಡಿ ಬಿಡಿಯಾಗಿ ಓದಿದರೆ ಯಾವ ಸಾಲೂ ಸುಳ್ಳಲ್ಲ. ಒಟ್ಟಿಗೆ ಓದಿದರೆ ತಪ್ಪು ಅರ್ಥ ಬರುತ್ತದೆ. ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ, ಟೈಪ್ 1 ಮತ್ತು ಟೈಪ್ 2. ಇನ್ಸುಲಿನ್ ಬರದೇ ಹೋಗುವುದು ಟೈಪ್ 1ರಲ್ಲಿ. ಸಕ್ಕರೆ ಕಡಿಮೆ ಮಾಡಿ ಅನ್ನುವುದು ಸಾಮಾನ್ಯವಾಗಿ ಟೈಪ್ 2 ಇರುವ ದೊಡ್ಡವರಿಗೆ ಹೇಳುವ ಮಾತು. ಕಾರಣ ಒಂದು ಕಾಯಿಲೆಯದ್ದು, ಪಥ್ಯ ಇನ್ನೊಂದರದ್ದು. ಎರಡು ಬಗೆ ಇದೆ ಅನ್ನುವ ಮಾತೇ ಇಲ್ಲ. ಓದಿದ ಮಗುವಿಗೆ ಏನು ಅನಿಸುತ್ತದೆ? ಸಕ್ಕರೆ ಜಾಸ್ತಿ ತಿಂದವರಿಗೆ ಇನ್ಸುಲಿನ್ ನಿಂತುಹೋಗುತ್ತೆ, ಆಮೇಲೆ ಸೂಜಿ ಚುಚ್ಚಿಸಿಕೊಳ್ಳಬೇಕು ಅಂತ.

ನನ್ನ ಮಗಳಿಗೆ ಎಂಟನೇ ವಯಸ್ಸಿನಿಂದ ಟೈಪ್ 1 ಇದೆ. ಈ ಪಾಠ ಆದ ದಿನ ಪಕ್ಕದ ಬೆಂಚಿನ ಹುಡುಗಿ, "ಚಿಕ್ಕವಳಿದ್ದಾಗ ಅಷ್ಟೊಂದು ಸ್ವೀಟ್ ತಿಂತಿದ್ಯೇನೆ?" ಅಂತ ಕೇಳಿದಳಂತೆ. ಆ ಹುಡುಗಿ ಕೆಟ್ಟವಳಲ್ಲ. ಓದಿ ಅರ್ಥ ಆಗಿದ್ದನ್ನು ಕೇಳಿದಳು. ಮನೆಗೆ ಬಂದು ಮಗಳು ನನ್ನನ್ನು ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ. "ಅಮ್ಮ, ನೀನು ನಂಗೆ ಜಾಸ್ತಿ ಸಿಹಿ ಕೊಟ್ಟಿದ್ದಕ್ಕಾ ಇದು ಬಂದಿದ್ದು?"

ಟೈಪ್ 1ರಲ್ಲಿ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ನಾಶ ಮಾಡಿಬಿಡುತ್ತದೆ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಡಾಕ್ಟರು ಇದನ್ನು ಮೊದಲ ದಿನವೇ ಹೇಳಿದ್ದರು, ನಾವೂ ಅವಳಿಗೆ ಹೇಳುತ್ತಲೇ ಬಂದಿದ್ದೇವೆ. ಆದರೂ ಪುಸ್ತಕದಲ್ಲಿ ಅಚ್ಚಾಗಿದ್ದು ನೋಡಿದಾಗ ಮಗು ಅಮ್ಮನ ಮಾತನ್ನು ಬಿಟ್ಟು ಪುಸ್ತಕ ನಂಬಿತು.

ಇದನ್ನು ತಿದ್ದಿಸಬೇಕು ಅಂತ ಇದ್ದೇನೆ. ಯಾರಿಗೆ ಬರೆಯಬೇಕು, ಏನಂತ ಬರೆಯಬೇಕು? ಶಿಕ್ಷಕರು, ಡಾಕ್ಟರುಗಳು ಇದ್ದರೆ ದಯವಿಟ್ಟು ಹೇಳಿ.

ವಿಜ್ಞಾನ ಮೇಷ್ಟ್ರು, ತುಮಕೂರು ಕಡೆ

ಮೇಡಂ, ಸರ್ಕಾರಿ ಹೈಸ್ಕೂಲಿನಲ್ಲಿ ಈ ಪಾಠ ಮಾಡುವವನು ನಾನು. ಒಂದು ಮಾತು ಪುಸ್ತಕದ ಪರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದು ಕಾಯಿಲೆಗಳ ಪಾಠ ಅಲ್ಲ. ನರ, ಹಾರ್ಮೋನು ಹೇಗೆ ದೇಹವನ್ನು ಹತೋಟಿಯಲ್ಲಿ ಇಡುತ್ತವೆ ಅನ್ನುವ ಪಾಠ. ಅಯೋಡಿನ್ ಕಮ್ಮಿ ಆದರೆ ಗಳಗಂಡ, ಬೆಳವಣಿಗೆ ಹಾರ್ಮೋನು ಕಮ್ಮಿ ಆದರೆ ಕುಳ್ಳು, ಅದೇ ಸಾಲಿನಲ್ಲಿ ಇನ್ಸುಲಿನ್. ಒಂದೊಂದಕ್ಕೂ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತಾರೆ.

ಪಾಠದ ಪ್ರಶ್ನೆ ನೋಡಿ. "ಕೆಲವು" ಮಧುಮೇಹ ರೋಗಿಗಳಿಗೆ ಇನ್ಸುಲಿನ್ ಚುಚ್ಚುಮದ್ದು ಯಾಕೆ ಕೊಡುತ್ತಾರೆ ಅಂತ ಕೇಳಿದ್ದಾರೆ. ಎಲ್ಲರಿಗೂ ಬೇಕಾಗಲ್ಲ ಅಂತ ಬರೆದವರಿಗೆ ಗೊತ್ತಿತ್ತು. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಪಾಠದಲ್ಲಿ ಎಲ್ಲೂ ಹೇಳಿಲ್ಲ. ಉತ್ತರ ಇಲ್ಲದ ಪ್ರಶ್ನೆ ಅದು. ಅಂಗಡಿಯಲ್ಲಿ ಸಿಗುವ ಗೈಡುಗಳಲ್ಲಿ ಉತ್ತರ ಬರೆಯುವಾಗ ಆ "ಕೆಲವು" ಹಾರಿಹೋಗುತ್ತದೆ. "ಮಧುಮೇಹಿಗಳಲ್ಲಿ ಇನ್ಸುಲಿನ್ ಸ್ರವಿಸುವುದಿಲ್ಲ, ಆದ್ದರಿಂದ ಚುಚ್ಚುಮದ್ದು" ಅಂತ ಒಂದೇ ಸಾಲು. ಮಕ್ಕಳು ಬಾಯಿಪಾಠ ಮಾಡುವುದು ಅದನ್ನೇ.

ಹಾಗಾಗಿ ತಿದ್ದುಪಡಿ ಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಎರಡೇ ಸಾಲು ಸೇರಿಸಿದರೆ ಸಾಕು.

ಪಿಯು ಬಯಾಲಜಿ, ಶಿವಮೊಗ್ಗ

ಹತ್ತನೇ ಕ್ಲಾಸಿನದ್ದು ಅರ್ಧ ಮಾಹಿತಿ. ಪಿಯುಸಿಗೆ ಬಂದರೆ ನೇರ ತಪ್ಪುಗಳೇ ಇವೆ. ನಮ್ಮಲ್ಲಿ ಪಿಯು ಬಯಾಲಜಿಗೂ ಎನ್‌ಸಿಇಆರ್‌ಟಿ ಪುಸ್ತಕವೇ. ನಾನು ವರ್ಷಾ ವರ್ಷ ಪಾಠ ಮಾಡುವುದರಿಂದ ಸಾಲು ಸಾಲೂ ಗೊತ್ತು.

ಪ್ರಥಮ ಪಿಯುಸಿಯಲ್ಲಿ ಮೇದೋಜೀರಕದ ಬಗ್ಗೆ ಇರುವ ಭಾಗ ನೋಡಿ. ರಕ್ತದಲ್ಲಿ ಗ್ಲೂಕೋಸ್ ಬಹಳ ಕಾಲ ಜಾಸ್ತಿ ಇದ್ದರೆ ಮಧುಮೇಹ ಬರುತ್ತದೆ, ಮೂತ್ರದಲ್ಲಿ ಗ್ಲೂಕೋಸ್ ಹೋಗುತ್ತದೆ, ಕೀಟೋನ್ ಅನ್ನುವ ಹಾನಿಕಾರಕ ವಸ್ತುಗಳು ಹುಟ್ಟುತ್ತವೆ, ಇನ್ಸುಲಿನ್ ಚಿಕಿತ್ಸೆಯಿಂದ ರೋಗಿಗಳಿಗೆ ಚೆನ್ನಾಗಿ ಗುಣ ಕಾಣುತ್ತದೆ ಅನ್ನುವ ಧಾಟಿ. ಇಲ್ಲೂ ಎರಡು ಬಗೆ ಅನ್ನುವ ಮಾತಿಲ್ಲ. ಕೀಟೋನ್ ಮುಖ್ಯವಾಗಿ ಟೈಪ್ 1ರ ಅಪಾಯ. ಟೈಪ್ 2 ಇರುವ ಬಹಳಷ್ಟು ಜನ ಮಾತ್ರೆ, ಊಟ, ನಡಿಗೆಯಲ್ಲೇ ವರ್ಷಗಟ್ಟಲೆ ಇರುತ್ತಾರೆ.

ದ್ವಿತೀಯ ಪಿಯುಸಿಯ ಜೈವಿಕ ತಂತ್ರಜ್ಞಾನದ ಪಾಠ ಇನ್ನೂ ಕಷ್ಟ. ದೊಡ್ಡವರಾದ ಮೇಲೆ ಬರುವ ಮಧುಮೇಹವನ್ನು ಹೊತ್ತು ಹೊತ್ತಿಗೆ ಇನ್ಸುಲಿನ್ ತೆಗೆದುಕೊಂಡು ನಿಭಾಯಿಸಬಹುದು ಅಂತ ಆ ಭಾಗ ಶುರುವಾಗುತ್ತದೆ. ಪೂರ್ತಿ ತಲೆಕೆಳಗು. ಇನ್ಸುಲಿನ್ ಇಲ್ಲದೆ ಬದುಕಲಾಗದ್ದು ಟೈಪ್ 1 ಇರುವವರು, ಅದು ಮಕ್ಕಳಿಗೂ ಬರುತ್ತದೆ, ದೊಡ್ಡವರಿಗೂ ಬರುತ್ತದೆ. ದೊಡ್ಡವರಲ್ಲಿ ಕಾಣುವ ಟೈಪ್ 2ಕ್ಕೆ ಮೊದಲು ಮಾತ್ರೆ, ಬೇಕಾದಾಗ ಮಾತ್ರ ಇನ್ಸುಲಿನ್. ವಯಸ್ಸು ನೋಡಿ ಮಧುಮೇಹವನ್ನು ವಿಂಗಡಿಸುವ ಪದ್ಧತಿಯನ್ನೇ ವೈದ್ಯಲೋಕ ಯಾವಾಗಲೋ ಬಿಟ್ಟಿದೆ. ಅಮೆರಿಕದ ಡಯಾಬಿಟಿಸ್ ಸಂಘದ ತಜ್ಞರ ಸಮಿತಿ 1997ರಲ್ಲೇ ಕಾರಣ ನೋಡಿ ಟೈಪ್ 1, ಟೈಪ್ 2 ಅಂತ ವಿಂಗಡಿಸಿ ಅಂದಿತ್ತು. ವಾಸಿಂ ಅಕ್ರಂ ಗೊತ್ತಲ್ವಾ? ಅವರಿಗೆ ಟೈಪ್ 1 ಇದೆ ಅಂತ ಗೊತ್ತಾಗಿದ್ದು 1997ರಲ್ಲಿ, ಮೂವತ್ತರ ಆಸುಪಾಸಿನಲ್ಲಿ. ಆಮೇಲೆ ಇನ್ಸುಲಿನ್ ತೆಗೆದುಕೊಳ್ಳುತ್ತಲೇ 2003ರ ವಿಶ್ವಕಪ್ ಆಡಿದರು, ಏಕದಿನ ಪಂದ್ಯಗಳಲ್ಲಿ 500 ವಿಕೆಟ್ ದಾಟಿದರು. ಪುಸ್ತಕದ ಲೆಕ್ಕದಲ್ಲಿ ಅವರನ್ನು ಎಲ್ಲಿ ಸೇರಿಸುವುದು?

ಅದೇ ಪುಟದಲ್ಲಿ ಇನ್ನೊಂದಿದೆ. 1983ರಲ್ಲಿ ಎಲಿ ಲಿಲ್ಲಿ ಕಂಪನಿ ಮಾನವ ಇನ್ಸುಲಿನ್ನಿನ ಎ ಮತ್ತು ಬಿ ಸರಪಳಿಗಳ ಡಿಎನ್‌ಎ ತಯಾರಿಸಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿತು ಅಂತ ಬರೆದಿದ್ದಾರೆ. ಆ ಕೆಲಸ ಆಗಿದ್ದು 1978ರಲ್ಲಿ. ಮಾಡಿದ್ದು ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿ ಮತ್ತು ಸಿಟಿ ಆಫ್ ಹೋಪ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಲಿಲ್ಲಿ ಅವರಿಂದ ಪರವಾನಗಿ ಪಡೆದು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಅಮೆರಿಕ ಸರ್ಕಾರ ಅದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿದ್ದು 1982ರ ಅಕ್ಟೋಬರಿನಲ್ಲಿ. ಅಂದರೆ ಪುಸ್ತಕ ಹೇಳುವ ವರ್ಷಕ್ಕಿಂತ ಮೊದಲೇ ಔಷಧಕ್ಕೆ ಒಪ್ಪಿಗೆ ಸಿಕ್ಕಿತ್ತು.

ನೀಟ್ ತಯಾರಿ

ಮೇಡಂ, ಆ 1983 ನಮ್ಮ ಕೋಚಿಂಗ್ ನೋಟ್ಸಿನಲ್ಲಿ ಬಾಕ್ಸ್ ಹಾಕಿ ಕೊಟ್ಟಿದ್ದಾರೆ! ಪರೀಕ್ಷೆಯಲ್ಲಿ ಬಂದರೆ ಯಾವುದು ಬರೆಯಬೇಕು?

ಪಿಯು ಬಯಾಲಜಿ, ಶಿವಮೊಗ್ಗ

ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇದ್ದದ್ದನ್ನೇ ಗುರುತು ಮಾಡಪ್ಪ. ಅಂಕ ಕಳಕೊಳ್ಳಬೇಡ. ನನ್ನ ಕ್ಲಾಸಿನಲ್ಲೂ ಹೀಗೇ ಹೇಳಬೇಕಾಗಿ ಬಂದಿದೆ, ಹೇಳುವಾಗ ನೋವಾಗುತ್ತೆ. ಸರಿಯಾದದ್ದನ್ನು ಬೋರ್ಡಿನ ಮೇಲೆ ಬರೆದು, "ಇದು ನಿಜ, ಆದರೆ ಉತ್ತರ ಪತ್ರಿಕೆಯಲ್ಲಿ ಅದು" ಅನ್ನುವ ಪರಿಸ್ಥಿತಿ ವಿಜ್ಞಾನದ ಕ್ಲಾಸಿನಲ್ಲಿ ಇರಬಾರದು. ಇದೇ ಮಕ್ಕಳು ನಾಳೆ ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿಗೆ ಹೋಗುವವರು.

ಮಕ್ಕಳ ಡಾಕ್ಟರ್, ದಾವಣಗೆರೆ

ಹಾಸನದ ಮೇಡಂ ಎತ್ತಿದ ವಿಷಯ ಬರೀ ಮನಸ್ಸಿನ ನೋವಿನದ್ದಲ್ಲ. ಇದರಿಂದ ಜೀವಕ್ಕೇ ಅಪಾಯ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಟೈಪ್ 1 ಶುರುವಾದಾಗ ಮಗು ನೀರು ಜಾಸ್ತಿ ಕುಡಿಯುತ್ತದೆ, ಮೇಲಿಂದ ಮೇಲೆ ಉಚ್ಚೆಗೆ ಹೋಗುತ್ತದೆ, ಚೆನ್ನಾಗಿ ಊಟ ಮಾಡಿದರೂ ಸೊರಗುತ್ತದೆ, ಸದಾ ಸುಸ್ತು. ಹಾಸಿಗೆಯಲ್ಲಿ ಉಚ್ಚೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡುತ್ತದೆ. ಈ ಹಂತದಲ್ಲಿ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಗ್ಲುಕೋಮೀಟರಿನಲ್ಲಿ ನೋಡಿದರೆ ಕೆಲವೇ ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಆದರೆ ಯಾರೂ ನೋಡುವುದಿಲ್ಲ. "ಇಷ್ಟು ಚಿಕ್ಕ ಮಗೂಗೆ ಶುಗರ್ ಎಲ್ಲಿಂದ ಬರುತ್ತೆ, ನಾವು ಸಿಹೀನೇ ಜಾಸ್ತಿ ಕೊಡಲ್ಲ" ಅನ್ನುತ್ತಾರೆ. ಓದಿದ ಅಪ್ಪ ಅಮ್ಮಂದಿರೇ ಹೀಗೆ ಹೇಳುತ್ತಾರೆ, ಶಾಲೆಯಲ್ಲಿ ಅವರು ಕಲಿತದ್ದೂ ಇದೇ ಪ್ಯಾರಾ ತಾನೆ.

ಇನ್ನೊಂದೆರಡು ವಾರ ತಡ ಆದರೆ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ. ದೇಹ ಸಕ್ಕರೆಯನ್ನು ಬಳಸಲಾಗದೆ ಕೊಬ್ಬನ್ನು ಕರಗಿಸಲು ಹೋಗಿ ರಕ್ತ ಆಮ್ಲವಾಗುತ್ತದೆ. ಇದನ್ನು ನಾವು ಡಿಕೆಎ ಅನ್ನುತ್ತೇವೆ. ಹೊಟ್ಟೆನೋವು, ವಾಂತಿ ಅಂದಾಗ ಗ್ಯಾಸ್ಟ್ರಿಕ್ ಅಂದುಕೊಳ್ಳುತ್ತಾರೆ, ಏದುಸಿರು ಅಂದಾಗ ನ್ಯುಮೋನಿಯಾ. ಸುಸ್ತಾಗಿದೆ ಅಂತ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರುವವರೂ ಇದ್ದಾರೆ. ಆ ಸ್ಥಿತಿಯಲ್ಲಿ ಗ್ಲೂಕೋಸ್ ಹಾಕುವುದು ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಿಲ್ಲ.

ಶಾಲೆಯಲ್ಲಿ ಸರಿಯಾದ ಮಾಹಿತಿ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇಟಲಿಯ ಪಾರ್ಮಾ ಪ್ರಾಂತ್ಯದ ಉದಾಹರಣೆ ಇದೆ. 1991ರಿಂದ ಅಲ್ಲಿನ ಶಾಲೆಗಳಲ್ಲಿ, ಮಕ್ಕಳ ವೈದ್ಯರ ಕ್ಲಿನಿಕ್ಕುಗಳಲ್ಲಿ ಒಂದು ಪೋಸ್ಟರ್ ಹಾಕಿದರು. ಜಾಸ್ತಿ ಬಾಯಾರಿಕೆ, ಜಾಸ್ತಿ ಮೂತ್ರ, ಮತ್ತೆ ಹಾಸಿಗೆ ಒದ್ದೆ ಮಾಡುವುದು ಮಧುಮೇಹದ ಗುರುತಾಗಿರಬಹುದು ಅನ್ನುವಷ್ಟು ಸರಳ ಸಂದೇಶ. ಅದಕ್ಕೆ ಮೊದಲು ಹೊಸದಾಗಿ ಟೈಪ್ 1 ಪತ್ತೆಯಾದ ಮಕ್ಕಳಲ್ಲಿ ಶೇ. 78ರಷ್ಟು ಮಂದಿ ಡಿಕೆಎ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುತ್ತಿದ್ದರು. ನಂತರದ ವರ್ಷಗಳಲ್ಲಿ ಅದು ಶೇ. 12.5ಕ್ಕೆ ಇಳಿಯಿತು. ಒಂದು ಪೋಸ್ಟರಿನಿಂದ ಇಷ್ಟಾಗುವುದಾದರೆ, ಲಕ್ಷಾಂತರ ಮನೆಗೆ ಹೋಗುವ ಪಠ್ಯಪುಸ್ತಕದಿಂದ ಎಷ್ಟಾಗಬಹುದು ಯೋಚಿಸಿ.

ಅದಕ್ಕೇ ನನ್ನ ಒತ್ತಾಯ: ತಿದ್ದುಪಡಿಯಲ್ಲಿ ಲಕ್ಷಣಗಳೂ ಇರಲಿ.

ಬೆಂಗಳೂರಿನ ಅಪ್ಪ

ಎಲ್ಲರ ಮಾತೂ ಸರಿ. ಆದರೂ ನನಗೊಂದು ಸಂಶಯ. ಈಗ ಮಕ್ಕಳಲ್ಲೇ ಟೈಪ್ 2 ಜಾಸ್ತಿ ಆಗುತ್ತಿದೆ ಅಂತ ಸಿಬಿಎಸ್‌ಇಯವರು 2025ರ ಮೇ ತಿಂಗಳಲ್ಲಿ ಶಾಲೆಗಳಲ್ಲಿ "ಶುಗರ್ ಬೋರ್ಡ್" ಹಾಕಲು ಹೇಳಿದ್ದಾರೆ. ನನ್ನ ಮಗನ ಶಾಲೆಯಲ್ಲೂ ಹಾಕಿದ್ದಾರೆ. ಯಾವ ಕೂಲ್‌ಡ್ರಿಂಕಿನಲ್ಲಿ ಎಷ್ಟು ಚಮಚ ಸಕ್ಕರೆ ಅಂತ ಪೊಟ್ಟಣಗಳಲ್ಲಿ ತೂಗುಹಾಕಿದ್ದಾರೆ. ಅದನ್ನು ನೋಡಿ ಅವನು ಜ್ಯೂಸ್ ಡಬ್ಬಿ ಬಿಟ್ಟ. ಸಕ್ಕರೆ ಕಮ್ಮಿ ತಿನ್ನಿ ಅನ್ನುವ ಒಂದೇ ಸರಳ ಸಂದೇಶ ಇದ್ದರೆ ಮಕ್ಕಳಿಗೆ ನಾಟುತ್ತದೆ. ಟೈಪ್ 1, ಟೈಪ್ 2 ಅಂತ ಶುರು ಮಾಡಿದರೆ ಆ ಸಂದೇಶ ಮಂಕಾಗಲ್ವಾ?

ಹಾಸನದ ಅಮ್ಮ

ಸರ್, ಸಕ್ಕರೆ ಕಡಿಮೆ ತಿನ್ನಿ ಅಂತ ಎಲ್ಲ ಮಕ್ಕಳಿಗೂ ಹೇಳಲಿ. ನಾನೂ ಹೇಳುತ್ತೇನೆ. ಆ ಬೋರ್ಡಿನ ಕೆಳಗೆ "ಟೈಪ್ 1 ಸಕ್ಕರೆ ತಿಂದು ಬರುವ ಕಾಯಿಲೆ ಅಲ್ಲ" ಅಂತ ಒಂದು ಸಾಲು ಬರೆದರೆ ಯಾವ ಸಂದೇಶವೂ ಮಂಕಾಗುವುದಿಲ್ಲ. ಬರೆಯದಿದ್ದರೆ ಆ ಬೋರ್ಡಿನ ಮುಂದೆ ನನ್ನ ಮಗಳಂಥ ಮಕ್ಕಳು ತಲೆ ತಗ್ಗಿಸಿಕೊಂಡು ಹೋಗಬೇಕಾಗುತ್ತದೆ.

ಮಕ್ಕಳ ಡಾಕ್ಟರ್, ದಾವಣಗೆರೆ

ಬೆಂಗಳೂರಿನವರಿಗೆ: ಶುಗರ್ ಬೋರ್ಡ್ ಒಳ್ಳೆಯದೇ. ಸಿಹಿ ಪಾನೀಯಗಳು ಟೈಪ್ 2ರ ಅಪಾಯ ಹೆಚ್ಚಿಸುತ್ತವೆ. ಆದರೆ ಟೈಪ್ 2 ವಿಷಯದಲ್ಲೂ "ಸಕ್ಕರೆ ಬಿಟ್ಟರೆ ಸಾಕು" ಅನ್ನುವುದು ಅರ್ಧ ಪಾಠ. ಟೈಪ್ 2ರಲ್ಲಿ ಶುರುವಿನಲ್ಲಿ ಇನ್ಸುಲಿನ್ ಇರುತ್ತದೆ, ಎಷ್ಟೋ ಸಲ ಮಾಮೂಲಿಗಿಂತ ಜಾಸ್ತಿಯೇ ಇರುತ್ತದೆ. ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಹೊಟ್ಟೆಯ ಬೊಜ್ಜು, ಓಡಾಟ ಕಮ್ಮಿ ಆಗಿರುವುದು, ಮನೆತನದಲ್ಲಿ ಇರುವುದು, ಎಲ್ಲವೂ ಸೇರುತ್ತದೆ. "ಇನ್ಸುಲಿನ್ ಸರಿಯಾಗಿ ಬರದಿದ್ದರೆ" ಅನ್ನುವ ಪುಸ್ತಕದ ವಿವರಣೆ ನಮ್ಮ ದೇಶದ ಬಹುಪಾಲು ಮಧುಮೇಹಿಗಳಿಗೆ ಅರ್ಧವೇ ಹೊಂದುತ್ತದೆ.

ಚಹಾಕ್ಕೆ ಸಕ್ಕರೆ ಬಿಟ್ಟು ತಟ್ಟೆ ತುಂಬ ಅನ್ನ ಉಣ್ಣುವವರನ್ನು ದಿನಾ ನೋಡುತ್ತೇನೆ. ಮುದ್ದೆ ಎಷ್ಟು ತಿಂದರೂ ನಡೆಯುತ್ತೆ ಅನ್ನುವವರೂ ಇದ್ದಾರೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ ಇದ್ದರೆ ರಾಗಿಯಲ್ಲಿ ಸುಮಾರು 72 ಗ್ರಾಂ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ ಇದೆ, ಒಳ್ಳೆಯ ಧಾನ್ಯ, ನಿಜ. ಆದರೆ ಅದೂ ಕೊನೆಗೆ ಗ್ಲೂಕೋಸೇ ಆಗುತ್ತದೆ. ಇದನ್ನು ಏಳನೇ ಕ್ಲಾಸಿನ ಮಗುವಿಗೂ ಹೇಳಬಹುದು.

ತಾಯಿಯ ಆರೋಗ್ಯದ ಪಾತ್ರವೂ ಇದೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಊರವರು ಮಿಷನ್ ಆಸ್ಪತ್ರೆ ಅನ್ನುತ್ತಾರೆ, 1997ರಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಬಸುರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಆ ಮಕ್ಕಳಲ್ಲಿ ಚಿಕ್ಕ ವಯಸ್ಸಿನಲ್ಲೇ ಮೈಯಲ್ಲಿ ಕೊಬ್ಬು ಮತ್ತು ಇನ್ಸುಲಿನ್‌ಗೆ ಸ್ಪಂದಿಸದಿರುವ ಲಕ್ಷಣ ಜಾಸ್ತಿ ಕಂಡವು. ಹುಟ್ಟುವ ಮೊದಲೇ ಶುರುವಾಗುವ ವಿಷಯಕ್ಕೆ ಮಗು ತಿಂದ ಲಾಡುವನ್ನು ಬೈದು ಏನು ಪ್ರಯೋಜನ?

ಐಸಿಎಂಆರ್ ನಡೆಸಿದ ದೇಶದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಇಷ್ಟು ದೊಡ್ಡ ವಿಷಯಕ್ಕೆ ಶಾಲೆಯಲ್ಲಿ ಒಂದು ಪ್ಯಾರಾ ಸಾಲದು.

ಧಾರವಾಡದ ಹುಡುಗ

ಹಾಸನದ ಅಕ್ಕ, ನಿಮ್ಮ ಮಗಳಿಗೆ ನನ್ನ ಮಾತು ಮುಟ್ಟಿಸಿ. ನನಗೂ ಟೈಪ್ 1. ಈಗ ಇಂಜಿನಿಯರಿಂಗ್ ಮುಗಿಸಿ ಕೆಲಸ ಮಾಡುತ್ತಿದ್ದೇನೆ. ಕ್ರಿಕೆಟ್ ಆಡುತ್ತೇನೆ, ಟ್ರೆಕ್ಕಿಂಗ್ ಹೋಗುತ್ತೇನೆ.

ಪುಸ್ತಕದ ಆ ಪ್ಯಾರಾದಿಂದ ಆಗುವ ಇನ್ನೊಂದು ಅಪಾಯ ಯಾರೂ ಹೇಳಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ಇಳಿದುಹೋಗುವುದೂ ಉಂಟು. ಊಟ ತಡವಾದರೆ, ಪಿ.ಟಿ. ಪೀರಿಯಡಿನಲ್ಲಿ ಜಾಸ್ತಿ ಓಡಿದರೆ 70ಕ್ಕಿಂತ ಕೆಳಗೆ ಹೋಗುತ್ತದೆ. ಕೈ ನಡುಗುತ್ತದೆ, ತಣ್ಣನೆ ಬೆವರು, ಬೋರ್ಡಿನ ಅಕ್ಷರ ಒಂದರ ಮೇಲೊಂದು ಹತ್ತಿದಂತೆ ಕಾಣುತ್ತದೆ, ಸುಮ್‌ಸುಮ್ನೆ ಸಿಟ್ಟು ಬರುತ್ತದೆ. ಆಗ ನಮಗೆ ಸಕ್ಕರೆಯೇ ಔಷಧ. ಅದೂ ತಕ್ಷಣ ಬೇಕು.

ಹೈಸ್ಕೂಲಿನಲ್ಲಿ ಒಮ್ಮೆ ಹಾಗಾದಾಗ ಬ್ಯಾಗಿನಿಂದ ಪೆಪ್ಪರಮೆಂಟು ತೆಗೆದೆ. ಒಬ್ಬ ಶಿಕ್ಷಕರು ಕೈಯಿಂದ ಕಿತ್ತುಕೊಂಡರು. "ಶುಗರ್ ಇಟ್ಕೊಂಡು ಪೆಪ್ಪರಮೆಂಟ್ ತಿಂತೀಯಾ?" ಅಂದರು. ನನ್ನ ಒಳ್ಳೆಯದಕ್ಕೇ ಅಂದುಕೊಂಡಿದ್ದರು. ನನಗೆ ಮಾತಾಡಲು ನಾಲಿಗೆ ಹೊರಳುತ್ತಿರಲಿಲ್ಲ. ಪಕ್ಕದಲ್ಲಿದ್ದ ಗೆಳೆಯನಿಗೆ ನಮ್ಮ ಅವ್ವ ಮೊದಲೇ ಹೇಳಿಕೊಟ್ಟಿದ್ದಳು. ಅವನು ಓಡಿಹೋಗಿ ಬಿಸಿಯೂಟದ ಅಡುಗೆಮನೆಯಿಂದ ಸಕ್ಕರೆ ತಂದು ನೀರಿನಲ್ಲಿ ಕಲಸಿ ಕುಡಿಸಿದ. ಆ ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಮಧುಮೇಹಿಗೆ ಸಕ್ಕರೆ ಬೇಡ ಅನ್ನುವುದನ್ನು ಬಿಟ್ಟು ಅವರಿಗೆ ಬೇರೇನೂ ಯಾರೂ ಕಲಿಸಿರಲಿಲ್ಲ.

ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಇನ್ನೂ ಕಡಿಮೆ ಇದ್ದರೆ ಮತ್ತೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಹಾವು ಕಚ್ಚಿದರೆ ಏನು ಮಾಡಬೇಕು ಅಂತ ಪುಸ್ತಕದಲ್ಲಿ ಬರೆಯುವಂತೆ ಇದನ್ನೂ ಬರೆಯಲಿ.

ಪರೀಕ್ಷೆ ಬರೆಯುವ ಮಕ್ಕಳಿಗೆ ಒಂದು ಮಾತು. ಟೈಪ್ 1 ಇರುವವರು ಬೋರ್ಡ್ ಪರೀಕ್ಷೆಯ ಹಾಲಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದು ಅಂತ ಸಿಬಿಎಸ್‌ಇ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಕ್ಲಾಸಿನಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಹೊತ್ತಲ್ಲದ ಹೊತ್ತಿನಲ್ಲಿ ತಿನ್ನಲು ಬಿಡಬೇಕು ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ಎಸ್‌ಎಸ್‌ಎಲ್‌ಸಿಯವರು ಡಾಕ್ಟರ ಚೀಟಿ ಸೇರಿಸಿ ಮುಖ್ಯ ಶಿಕ್ಷಕರ ಹತ್ತಿರ ಮೊದಲೇ ಅರ್ಜಿ ಕೊಟ್ಟಿರಿ. ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಹಳ್ಳಿಯಲ್ಲಿ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ತಾತನಿಗೆ ಶುಗರ್ ಇರುತ್ತದೆ, ಮಾತ್ರೆ ನುಂಗುತ್ತಾನೆ, ಚೆನ್ನಾಗೇ ಇರುತ್ತಾನೆ. ಮೊಮ್ಮಗನಿಗೆ ಟೈಪ್ 1 ಬಂದರೆ, ಅದೇ ಕಾಯಿಲೆ ತಾನೆ, ಇವನಿಗೆ ಯಾಕೆ ಸೂಜಿ ಅನ್ನುತ್ತಾರೆ. ಹಾಗಲಕಾಯಿ ರಸ, ಮೆಂತ್ಯ, ನಾಟಿ ಔಷಧಿ ಶುರು ಮಾಡಿ ಇನ್ಸುಲಿನ್ ನಿಲ್ಲಿಸುತ್ತಾರೆ. ಕೆಲವೇ ದಿನದಲ್ಲಿ ಮಗು ಐಸಿಯು ಸೇರುತ್ತದೆ. ಆ ಮನೆಯಲ್ಲಿ ಹತ್ತನೇ ಕ್ಲಾಸು ಓದುವ ಅಕ್ಕ ಇರುತ್ತಾಳೆ. ಅವಳ ಪುಸ್ತಕದಲ್ಲಿ ಎರಡೂ ಬೇರೆ ಕಾಯಿಲೆ, ಟೈಪ್ 1ಕ್ಕೆ ಇನ್ಸುಲಿನ್ ಒಂದು ದಿನವೂ ನಿಲ್ಲಿಸಬಾರದು ಅಂತ ಬರೆದಿದ್ದರೆ ಅವಳೇ ಮನೆಯವರಿಗೆ ಓದಿ ಹೇಳುತ್ತಿದ್ದಳು. ನಮ್ಮ ಮಾತಿಗಿಂತ ಪುಸ್ತಕದ ಮಾತಿಗೆ ಬೆಲೆ ಜಾಸ್ತಿ.

ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ಮಣ್ಣಿನ ಮಡಿಕೆಯಲ್ಲಿ ಇಡಿಸುತ್ತೇವೆ. ದೊಡ್ಡ ಮಡಿಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಿಕೆ, ಮೇಲೆ ಒದ್ದೆ ಬಟ್ಟೆ. ನೆರಳಲ್ಲಿ ಇಡಬೇಕು. ಫ್ರಿಜ್ ಇರುವವರು ಐಸ್ ಕಟ್ಟುವ ಜಾಗದಲ್ಲಿ ಮಾತ್ರ ಇಡಬೇಡಿ. ಗಟ್ಟಿಯಾದ ಇನ್ಸುಲಿನ್ ಕೆಲಸಕ್ಕೆ ಬರಲ್ಲ.

ಇಂಗ್ಲೆಂಡಿನ ಕನ್ನಡತಿ

ಇಲ್ಲಿ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. 2014ರ ಕಾನೂನಿನ ಪ್ರಕಾರ ಕಾಯಿಲೆ ಇರುವ ಮಕ್ಕಳಿಗೆ ಶಾಲೆ ಏರ್ಪಾಟು ಮಾಡಲೇಬೇಕು. ಟೈಪ್ 1 ಇರುವ ಮಗುವಿನ ಹೆಸರಿನಲ್ಲಿ ಒಂದು ಹಾಳೆ ಇರುತ್ತದೆ: ಇನ್ಸುಲಿನ್ ಯಾವಾಗ, ಶುಗರ್ ಇಳಿದರೆ ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು. ಎಲ್ಲ ಶಿಕ್ಷಕರೂ ಅದನ್ನು ಓದಿರುತ್ತಾರೆ. ಪುಸ್ತಕ ತಿದ್ದುವುದಕ್ಕೆ ವರ್ಷಗಳೇ ಆಗಬಹುದು. ಅಂಥ ಒಂದು ಹಾಳೆಯನ್ನು ನಾಳೆಯೇ ಬರೆದು ಶಾಲೆಗೆ ಕೊಡಬಹುದು ಅಲ್ವಾ?

ಪಿಯು ಬಯಾಲಜಿ, ಶಿವಮೊಗ್ಗ

ಒಳ್ಳೆಯ ಮಾತು. ಇನ್ನೊಂದು ಸೂಚನೆ ನನ್ನದು. ನವೆಂಬರ್ 14 ನಮಗೆ ಮಕ್ಕಳ ದಿನಾಚರಣೆ. ಅದೇ ದಿನ ವಿಶ್ವ ಮಧುಮೇಹ ದಿನ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ಅವತ್ತು ಶಾಲೆಗಳಲ್ಲಿ ಲೆನಾರ್ಡ್ ಥಾಂಪ್ಸನ್ ಕಥೆ ಹೇಳಬೇಕು. ಟೊರಾಂಟೊದ 14 ವರ್ಷದ ಹುಡುಗ. ಆಗ ಟೈಪ್ 1ಕ್ಕೆ ಇದ್ದ ಚಿಕಿತ್ಸೆ ಒಂದೇ, ಹೊಟ್ಟೆಗೆ ಆದಷ್ಟು ಕಡಿಮೆ ಹಾಕುವುದು. ಹುಡುಗ ಎಲುಬಿನ ಗೂಡಾಗಿದ್ದ. 1922ರ ಜನವರಿ 11ರಂದು ಅವನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಔಷಧ ಶುದ್ಧ ಇರಲಿಲ್ಲ, ಅಂದುಕೊಂಡಷ್ಟು ಫಲ ಸಿಗಲಿಲ್ಲ. ಕಾಲಿಪ್ ಅನ್ನುವ ವಿಜ್ಞಾನಿ ಹಗಲು ರಾತ್ರಿ ಕೂತು ಅದನ್ನು ಶುದ್ಧ ಮಾಡಿದರು. 23ರಂದು ಮತ್ತೆ ಕೊಟ್ಟಾಗ ಶುಗರ್ ಇಳಿಯಿತು. ಹುಡುಗ ಮತ್ತೆ 13 ವರ್ಷ ಬದುಕಿದ.

ಸಕ್ಕರೆ ಬಿಟ್ಟರೆ ಟೈಪ್ 1 ವಾಸಿಯಾಗುವುದಾಗಿದ್ದರೆ ಆ ಹುಡುಗ ಇನ್ಸುಲಿನ್ ಬರುವ ಮೊದಲೇ ವಾಸಿಯಾಗಬೇಕಿತ್ತು. ಉಪವಾಸವನ್ನೇ ಮಾಡಿಸಿದ್ದರಲ್ಲ. ಈ ಒಂದು ಕಥೆ ಹೇಳಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ವಿಜ್ಞಾನ ಮೇಷ್ಟ್ರು, ತುಮಕೂರು ಕಡೆ

ಪತ್ರಕ್ಕೆ ಒಂದು ಕರಡು ಹಾಕುತ್ತಿದ್ದೇನೆ. ಹತ್ತನೇ ಕ್ಲಾಸಿಗೆ ಸರಿಹೊಂದುವಷ್ಟೇ ಬರೆದಿದ್ದೇನೆ. ಡಾಕ್ಟರು ನೋಡಿ ಹೇಳಿ.

"ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಇದು ಸಿಹಿ ತಿನ್ನುವುದರಿಂದ ಬರುವುದಿಲ್ಲ. ಇವರು ಜೀವನಪೂರ್ತಿ ಇನ್ಸುಲಿನ್ ತೆಗೆದುಕೊಳ್ಳಬೇಕು. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಹಾರ, ವ್ಯಾಯಾಮ, ಮಾತ್ರೆಗಳಿಂದ ಇದನ್ನು ನಿಯಂತ್ರಿಸುತ್ತಾರೆ, ಕೆಲವರಿಗೆ ಇನ್ಸುಲಿನ್ ಕೂಡ ಬೇಕಾಗುತ್ತದೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು, ಸುಸ್ತು ಕಂಡರೆ ಯಾವ ವಯಸ್ಸಿನವರೇ ಆದರೂ ರಕ್ತ ಪರೀಕ್ಷೆ ಮಾಡಿಸಬೇಕು."

ಮೂಲ ಪುಸ್ತಕ ಎನ್‌ಸಿಇಆರ್‌ಟಿಯದ್ದಾದ್ದರಿಂದ ದೆಹಲಿಗೆ ಒಂದು ಪ್ರತಿ ಹೋಗಬೇಕು. ಕನ್ನಡದ ಪುಸ್ತಕ ಅಚ್ಚು ಮಾಡುವುದು ಬೆಂಗಳೂರಿನ ಕರ್ನಾಟಕ ಪಠ್ಯಪುಸ್ತಕ ಸಂಘ, ಅವರಿಗೂ ಒಂದು ಪ್ರತಿ. ಪುಟದ ಫೋಟೊ, ಮುದ್ರಣದ ವರ್ಷ ಸೇರಿಸಿ. ಪಿಯು ಪುಸ್ತಕದ ತಪ್ಪುಗಳನ್ನು ಬೇರೆ ಪತ್ರದಲ್ಲಿ ಕಳಿಸುವುದು ಒಳ್ಳೆಯದು.

ಮಕ್ಕಳ ಡಾಕ್ಟರ್, ದಾವಣಗೆರೆ

ಕರಡು ಚೆನ್ನಾಗಿದೆ ಮೇಷ್ಟ್ರೇ. ಎರಡು ಸಾಲು ಸೇರಿಸಿ. "ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ" ಅನ್ನುವುದು ಲಕ್ಷಣಗಳ ಜೊತೆ ಇರಲಿ. ಧಾರವಾಡದವರು ಹೇಳಿದ ಸಕ್ಕರೆ ನೀರಿನ ಪ್ರಥಮ ಚಿಕಿತ್ಸೆಯೂ ಇರಲಿ. ನನ್ನ ಸಹಿ, ನೋಂದಣಿ ಸಂಖ್ಯೆ ಹಾಕಿ ಕೊಡುತ್ತೇನೆ. ಇಲ್ಲಿನ ಬೇರೆ ಮಕ್ಕಳ ಡಾಕ್ಟರುಗಳ ಹತ್ತಿರವೂ ಸಹಿ ಮಾಡಿಸುತ್ತೇನೆ.

ಬೆಂಗಳೂರಿನ ಅಪ್ಪ

ನಮ್ಮ ಶಾಲೆಯ ಶುಗರ್ ಬೋರ್ಡಿನ ವಿಷಯ ಪೋಷಕರ ಸಭೆಯಲ್ಲಿ ಎತ್ತುತ್ತೇನೆ. ಹಾಸನದ ಮೇಡಂ ಹೇಳಿದ ಆ ಒಂದು ಸಾಲು ಕೆಳಗೆ ಬರೆಸಬೇಕು. ಪತ್ರಕ್ಕೆ ನನ್ನ ಸಹಿಯೂ ಸೇರಿಸಿ.

ಹಾಸನದ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರ ಕರಡಿಗೆ ಡಾಕ್ಟರು ಹೇಳಿದ ಸಾಲುಗಳನ್ನು ಸೇರಿಸಿ ಟೈಪ್ ಮಾಡಿಸುತ್ತಿದ್ದೇನೆ. ಕನ್ನಡದಲ್ಲಿ ಒಂದು, ದೆಹಲಿಗೆ ಇಂಗ್ಲಿಷಿನಲ್ಲಿ ಒಂದು. ಪಿಯು ಮೇಡಂ, ನೀವು ಪಿಯು ಪುಸ್ತಕದ ಪತ್ರ ಬರೆದರೆ ನಮ್ಮದರ ಜೊತೆಗೇ ಕಳಿಸೋಣ. ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀದಿಯ ಫೋಟೊ ಇಲ್ಲೇ ಹಾಕುತ್ತೇನೆ.

ಧಾರವಾಡದ ತಮ್ಮ, ನೀನು ಬರೆದಿದ್ದನ್ನು ಮಗಳಿಗೆ ಓದಿ ಹೇಳಿದೆ. ಟ್ರೆಕ್ಕಿಂಗ್ ಹೋಗುವಾಗ ಇನ್ಸುಲಿನ್ ಹೇಗೆ ಒಯ್ಯುತ್ತೀರಿ, ಬೆಟ್ಟ ಹತ್ತುವ ಮುಂಚೆ ಡೋಸ್ ಕಮ್ಮಿ ಮಾಡುತ್ತೀರಾ ಅಂತ ಕೇಳುತ್ತಿದ್ದಾಳೆ. ಅವರ ಶಾಲೆಯಿಂದ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗುತ್ತಾರಂತೆ.

ಧಾರವಾಡದ ಹುಡುಗ

ಖಂಡಿತ ಹೋಗಲಿ ಅಕ್ಕ. ಡೋಸಿನ ಲೆಕ್ಕ ಮಾತ್ರ ಅವಳ ಡಾಕ್ಟರ ಹತ್ತಿರವೇ ಕೇಳಿ, ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ. ಇನ್ಸುಲಿನ್, ಗ್ಲುಕೋಮೀಟರ್ ಎರಡೂ ಕೈಚೀಲದಲ್ಲೇ ಇರಲಿ, ಬಸ್ಸಿನ ಡಿಕ್ಕಿಯಲ್ಲಿ ಹಾಕಬಾರದು. ಸಕ್ಕರೆ ಪೊಟ್ಟಣ ಅವಳ ಹತ್ತಿರ ಒಂದು, ಗೆಳತಿಯ ಹತ್ತಿರ ಒಂದು. ಜೊತೆಗೆ ಹೋಗುವ ಟೀಚರಿಗೆ ಶುಗರ್ ಇಳಿದರೆ ಏನು ಮಾಡಬೇಕು ಅಂತ ಹಾಳೆಯಲ್ಲಿ ಬರೆದು ಕೊಡಿ.